ನಿಯಮಕ್ಕೆ ಎರಡು ಅರ್ಥ ಬಂದಾಗ: ರೋಬೋಟಿಕ್ಸ್ ತಂಡಗಳಿಗೆ ಒಂದು ಮಾರ್ಗದರ್ಶಿ

"ಒಂದು ರೋಬೋಟ್ ಒಂದು ಬಾರಿಗೆ ಒಂದೇ ಚೆಂಡನ್ನು ನಿಯಂತ್ರಿಸಬಹುದು." ನಿಮ್ಮ ಸ್ಪರ್ಧೆಯ ಮ್ಯಾನ್ಯುಯಲ್‌ನಲ್ಲಿ ಹೀಗೊಂದು ಸಾಲಿದೆ ಅಂದುಕೊಳ್ಳಿ. ಓದಿದ ಕೂಡಲೇ ಅರ್ಥವಾಯಿತು ಅನಿಸುತ್ತದೆ, ಅಲ್ವಾ? ಈಗ ರೋಬೋಟನ್ನು ಮೈದಾನಕ್ಕೆ ಇಳಿಸಿ ನೋಡಿ. ಒಂದು ಚೆಂಡು ಅದರ ಒಳಗಿದೆ. ಇನ್ನೊಂದು ದಾರಿಯಲ್ಲಿ ಬಿದ್ದಿದ್ದು ಬಂಪರ್‌ಗೆ ತಾಗಿ ಉರುಳಿತು. ಇದು ತಪ್ಪೇ? ಅದೇ ಚೆಂಡನ್ನು ಬೇಕೆಂದೇ ಮೂಲೆಯವರೆಗೆ ತಳ್ಳಿಕೊಂಡು ಹೋದರೆ? ಯಾರೋ ಎಸೆದ ಚೆಂಡು ರೋಬೋಟ್ ಮೇಲೆ ಬಿದ್ದು ಅಲ್ಲೇ ಸಿಕ್ಕಿಕೊಂಡರೆ? ತಂಡದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಉತ್ತರ ಇರುತ್ತದೆ, ಎಲ್ಲರಿಗೂ ತಮ್ಮದೇ ಸರಿ ಎಂಬ ಧೈರ್ಯವೂ ಇರುತ್ತದೆ.

ಇಂಥ ಹೊತ್ತಲ್ಲಿ ಹೆಚ್ಚಿನ ತಂಡಗಳು "ನಿಯಮದ ನಿಜವಾದ ಅರ್ಥ ಏನು" ಎಂದು ಗಂಟೆಗಟ್ಟಲೆ ವಾದ ಮಾಡುತ್ತವೆ. ನಾನು ಅದಕ್ಕಿಂತ ಮೊದಲು ಬೇರೆ ಪ್ರಶ್ನೆ ಕೇಳಿ ಎನ್ನುತ್ತೇನೆ. ನಮ್ಮ ಓದು, ಅಂದರೆ ನಾವು ನಿಯಮಕ್ಕೆ ಮಾಡಿಕೊಂಡ ಅರ್ಥ, ತಪ್ಪಾಗಿದ್ದರೆ ಏನೇನು ಹಾಳಾಗುತ್ತದೆ? ಎರಡು ಸಾಲು ಕೋಡ್ ಬದಲಿಸಿದರೆ ಸರಿಹೋಗುವುದಾದರೆ ವಾದ ಬೇಡ, ಮುಂದೆ ಹೋಗಿ. ಇಡೀ ಚೌಕಟ್ಟನ್ನೇ ಬಿಚ್ಚಬೇಕಾಗುತ್ತದೆ ಅನ್ನುವುದಾದರೆ, ಒಂದು ಸ್ಕ್ರೂ ಬಿಗಿಯುವ ಮೊದಲೇ ಉತ್ತರ ಬೇಕು. ಕೆಳಗಿನ ಹೆಜ್ಜೆಗಳೆಲ್ಲ ಈ ಲೆಕ್ಕದ ಸುತ್ತಲೇ ಇವೆ.

ಮೊದಲ ಹೆಜ್ಜೆ: ಯಾವ ಮಾತಿಗೆ ಎಷ್ಟು ತೂಕ?

ಒಂದು ಸ್ಪರ್ಧೆಯ ನಿಯಮಗಳು ಒಂದೇ ಕಡೆ ಇರುವುದಿಲ್ಲ. ಮ್ಯಾನ್ಯುಯಲ್ ಇರುತ್ತದೆ. ಅದಕ್ಕೆ ಆಗಾಗ ಬರುವ ಅಪ್‌ಡೇಟ್‌ಗಳು ಇರುತ್ತವೆ. ಅಧಿಕೃತ ಪ್ರಶ್ನೋತ್ತರ ಇರುತ್ತದೆ. ಆಟ ಪರಿಚಯಿಸುವ ವಿಡಿಯೊ ಇರುತ್ತದೆ. ಇವುಗಳ ನಡುವೆ ಜಗಳ ಬಂದರೆ ಯಾವುದು ಗೆಲ್ಲುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಇದನ್ನು ಊಹಿಸಬೇಡಿ. ಒಂದೊಂದು ಸ್ಪರ್ಧೆಯಲ್ಲಿ ಒಂದೊಂದು ಥರ ಇದೆ.

ಹೈಸ್ಕೂಲ್ ವಿದ್ಯಾರ್ಥಿಗಳು ದೊಡ್ಡ ರೋಬೋಟ್ ಕಟ್ಟಿ ಆಡುವ ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್, ಅಂದರೆ ಎಫ್‌ಆರ್‌ಸಿಯ ಮ್ಯಾನ್ಯುಯಲ್‌ನಲ್ಲಿ ನಿಯಮದ ಪಕ್ಕ ನೀಲಿ ಚೌಕಗಳು ಬರುತ್ತವೆ. ನಿಯಮ ಯಾಕೆ ಇದೆ, ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂದು ಅಲ್ಲಿ ವಿವರಿಸಿರುತ್ತಾರೆ. ಓದಲು ತುಂಬಾ ಉಪಯೋಗ. ಆದರೆ ನಿಯಮಕ್ಕೂ ನೀಲಿ ಚೌಕಕ್ಕೂ ಹೊಂದಾಣಿಕೆ ಆಗದಿದ್ದರೆ ನಿಯಮದ್ದೇ ಮೇಲುಗೈ ಎಂದು ಅದೇ ಮ್ಯಾನ್ಯುಯಲ್ ಹೇಳುತ್ತದೆ. ನಿಯಮದ ತಲೆಬರಹಕ್ಕೂ ಇದೇ ಗತಿ. ದಪ್ಪ ಅಕ್ಷರದ ಆ ಚಿಕ್ಕ ವಾಕ್ಯ ನೆನಪಿಟ್ಟುಕೊಳ್ಳಲು ಸುಲಭ. ತೀರ್ಮಾನ ಮಾತ್ರ ಕೆಳಗಿನ ಪೂರ್ತಿ ಪಠ್ಯದಿಂದಲೇ ಆಗುತ್ತದೆ. ಬರೀ ತಲೆಬರಹ ಓದಿಕೊಂಡು ಬಂದು ವಾದ ಮಾಡುವ ವಿದ್ಯಾರ್ಥಿಗಳು ಪ್ರತಿ ತಂಡದಲ್ಲೂ ಇರುತ್ತಾರೆ. ಅವರನ್ನು ಪ್ರೀತಿಯಿಂದಲೇ ಪೂರ್ತಿ ಪಠ್ಯದ ಕಡೆ ಕಳಿಸಿ.

ಪ್ರಶ್ನೋತ್ತರದ ತೂಕವೂ ಬೇರೆ ಬೇರೆ. ಎಫ್‌ಆರ್‌ಸಿಯಲ್ಲಿ ಪ್ರಶ್ನೋತ್ತರದ ಉತ್ತರ ಮ್ಯಾನ್ಯುಯಲ್‌ನ ಪಠ್ಯವನ್ನು ಮೀರುವುದಿಲ್ಲ. ಪಠ್ಯವನ್ನೇ ಬದಲಿಸಬೇಕು ಎಂದಾದರೆ ಟೀಮ್ ಅಪ್‌ಡೇಟ್ ಹೊರಬರುತ್ತದೆ. ವರ್ಲ್ಡ್ ರೋಬೋಟ್ ಒಲಿಂಪಿಯಾಡ್ ಎಂಬ ಇನ್ನೊಂದು ಸ್ಪರ್ಧೆಯಲ್ಲಿ ಹಾಗಲ್ಲ. ಅಲ್ಲಿ ಅಧಿಕೃತ ಪ್ರಶ್ನೋತ್ತರದ ಉತ್ತರಗಳು ನಿಯಮಕ್ಕೆ ಸೇರ್ಪಡೆ ಎಂದೇ ಲೆಕ್ಕ. ಮಕ್ಕಳು ಲೆಗೋ ತುಂಡುಗಳಿಂದ ರೋಬೋಟ್ ಕಟ್ಟುವ ಸ್ಪರ್ಧೆ ಫಸ್ಟ್ ಲೆಗೋ ಲೀಗ್‌ನ ಹಲವು ಸೀಸನ್‌ಗಳ ನಿಯಮದಲ್ಲಿ ಈ ಕ್ರಮವನ್ನು ನೇರವಾಗಿ ಬರೆದಿದ್ದರು: ಮೊದಲು ಅಪ್‌ಡೇಟ್, ಆಮೇಲೆ ಮಿಷನ್ (ರೋಬೋಟ್ ಮಾಡಬೇಕಾದ ಕೆಲಸ) ಮತ್ತು ಮೈದಾನದ ವಿವರಣೆ, ಕೊನೆಗೆ ಸಾಮಾನ್ಯ ನಿಯಮ. ನಿಮ್ಮ ಸ್ಪರ್ಧೆಯ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಕೆಲಸದ ಮೇಜಿನ ಎದುರು ಅಂಟಿಸಿ. ಅರ್ಧ ವಾದಗಳು ಅಲ್ಲಿಗೇ ಮುಗಿಯುತ್ತವೆ.

ಒಂದು ಮಾತು. ಬೇರೆ ತಂಡದ ಮೆಂಟರ್, ಅಂದರೆ ದಾರಿ ತೋರಿಸುವ ದೊಡ್ಡವರು, ಹೇಳಿದ್ದು, ಹಿಂದೊಮ್ಮೆ ಒಬ್ಬ ರೆಫರಿ ಹೇಳಿದ್ದು, ಗ್ರೂಪ್‌ನಲ್ಲಿ ಓಡಾಡಿದ ಮೆಸೇಜ್, ಇವಕ್ಕೆ ಯಾವ ತೂಕವೂ ಇಲ್ಲ. ಸುಳಿವು ಎಂದು ತೆಗೆದುಕೊಳ್ಳಿ, ಆಧಾರ ಮಾಡಿಕೊಳ್ಳಬೇಡಿ.

ಎರಡನೇ ಹೆಜ್ಜೆ: ಪದಕ್ಕೆ ಮ್ಯಾನ್ಯುಯಲ್ ಕೊಟ್ಟ ಅರ್ಥ ಹುಡುಕಿ

ಅಸ್ಪಷ್ಟ ಅನಿಸಿದ ನಿಯಮಗಳಲ್ಲಿ ಬಹಳಷ್ಟು ನಿಜವಾಗಿ ಅಸ್ಪಷ್ಟ ಆಗಿರುವುದಿಲ್ಲ. ಒಂದು ಪದಕ್ಕೆ ಬೇರೆ ಪುಟದಲ್ಲಿ ವ್ಯಾಖ್ಯೆ ಕೊಟ್ಟಿರುತ್ತಾರೆ, ನಾವು ನೋಡಿರುವುದಿಲ್ಲ, ಅಷ್ಟೇ. ಎಫ್‌ಆರ್‌ಸಿಯಲ್ಲಿ ವ್ಯಾಖ್ಯೆ ಇರುವ ಪದವನ್ನು ಇಡಿಯಾಗಿ ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕುತ್ತಾರೆ. ಹಾಗೆ ಕಂಡರೆ ನಿಮ್ಮ ಮನಸ್ಸಿನ ಅರ್ಥವನ್ನು ಬದಿಗಿಟ್ಟು ಕೊನೆಯ ಪುಟಗಳ ಪದಪಟ್ಟಿಗೆ ಹೋಗಿ.

ಮೊದಲಿಗೆ ಹೇಳಿದ ಚೆಂಡಿನ ಪ್ರಶ್ನೆಯನ್ನೇ ತೆಗೆದುಕೊಳ್ಳಿ. 2024ರ ಎಫ್‌ಆರ್‌ಸಿ ಆಟ ಕ್ರೆಸೆಂಡೊದಲ್ಲಿ ಇಂಥದ್ದೇ ನಿಯಮ ಇತ್ತು. ಚೆಂಡಿನ ಬದಲು ನೋಟ್ ಎಂದು ಕರೆಯುವ ಫೋಮಿನ ಬಳೆ. ಒಂದು ಬಾರಿಗೆ ಒಂದನ್ನು ಮಾತ್ರ ನಿಯಂತ್ರಿಸಬಹುದಿತ್ತು. ನಿಯಂತ್ರಣ ಅಂದರೇನು ಎಂದು ಮ್ಯಾನ್ಯುಯಲ್ ಬಿಡಿಸಿ ಹೇಳಿತ್ತು. ನೋಟ್ ಪೂರ್ತಿಯಾಗಿ ರೋಬೋಟ್‌ನ ಆಧಾರದ ಮೇಲೆ ನಿಂತಿದ್ದರೆ, ಅಥವಾ ಅದರ ಒಳಗೆ, ಮೇಲೆ, ಕೆಳಗೆ ಸಿಕ್ಕಿಕೊಂಡಿದ್ದರೆ ಅದು ನಿಯಂತ್ರಣ. ಬೇಕಾದ ಜಾಗಕ್ಕೋ ದಿಕ್ಕಿಗೋ ಬೇಕೆಂದೇ ತಳ್ಳಿದರೂ ನಿಯಂತ್ರಣ. ಸುಮ್ನೆ ಓಡಾಡುವಾಗ ದಾರಿಯಲ್ಲಿದ್ದದ್ದು ತಾಗಿದರೆ, ಅಥವಾ ನೋಟ್ ಬಂದು ಬಡಿದು ಪುಟಿದರೆ ನಿಯಂತ್ರಣ ಅಲ್ಲ. ನಮ್ಮ ಮೂರು ಪ್ರಶ್ನೆಗಳಿಗೂ ಉತ್ತರ ಅಲ್ಲೇ ಇದೆ ನೋಡಿ. ತಾಗಿ ಉರುಳಿದರೆ ಪರವಾಗಿಲ್ಲ, ಬೇಕೆಂದೇ ತಳ್ಳಿದರೆ ತಪ್ಪು, ಮೇಲೆ ಸಿಕ್ಕಿಕೊಂಡರೂ ಲೆಕ್ಕಕ್ಕೆ ಬರುತ್ತದೆ. ಮೂರನೆಯದು ಹಲವರಿಗೆ ಅನ್ಯಾಯ ಅನಿಸಬಹುದು. ಹಾಗೆ ಅನಿಸಿದರೆ ವಾದಕ್ಕೆ ಹೋಗುವ ಬದಲು ರೋಬೋಟ್‌ನ ಮೇಲ್ಭಾಗಕ್ಕೆ ಒಂದು ಇಳಿಜಾರು ಹಾಳೆ ಹಾಕುವುದು ಸುಲಭ.

ಸಮಯದ ಪದಗಳೂ ಹೀಗೇ. "ಕ್ಷಣಕಾಲ" ಎಂದರೆ ಎಷ್ಟು? ಅದೇ 2024ರ ಮ್ಯಾನ್ಯುಯಲ್ ಪ್ರಕಾರ ಸುಮಾರು 3 ಸೆಕೆಂಡಿಗಿಂತ ಕಡಿಮೆ. "ನಿರಂತರ" ಎಂದರೆ ಸುಮಾರು 10 ಸೆಕೆಂಡಿಗಿಂತ ಜಾಸ್ತಿ. "ಪದೇ ಪದೇ" ಎಂದರೆ ಒಂದು ಪಂದ್ಯದಲ್ಲಿ ಒಂದಕ್ಕಿಂತ ಹೆಚ್ಚು ಸಲ. ಕೊನೆಯದನ್ನು ಗಮನಿಸಿ. ಮಾತಿನಲ್ಲಿ ನಾವು ನಾಲ್ಕೈದು ಸಲ ಆದ ಮೇಲೆ ಪದೇ ಪದೇ ಎನ್ನುತ್ತೇವೆ. ಅಲ್ಲಿ ಎರಡನೇ ಸಲಕ್ಕೇ ಅದು ಪದೇ ಪದೇ.

ವ್ಯಾಖ್ಯೆ ಇಲ್ಲದ ಪದ ಬಂದರೆ? ಫಸ್ಟ್ ಲೆಗೋ ಲೀಗ್ ಇದಕ್ಕೆ ಸರಳ ದಾರಿ ಹೇಳಿಕೊಟ್ಟಿದೆ. ಆಟದ ವ್ಯಾಖ್ಯೆ ಇಲ್ಲದ ಪದಕ್ಕೆ ದಿನನಿತ್ಯದ ಮಾತಿನ ಅರ್ಥವೇ ಅರ್ಥ. ಬೇರೆ ಸ್ಪರ್ಧೆಗಳಲ್ಲೂ ಇದೇ ಒಳ್ಳೆಯ ಆರಂಭ. ನಿಘಂಟಿನಲ್ಲಿ ಏಳನೇ ಅರ್ಥ ಹುಡುಕಿ ತಂದು ಅದರ ಮೇಲೆ ರೋಬೋಟ್ ಕಟ್ಟಬೇಡಿ.

ಗೆರೆ, ಅಳತೆ, ಕ್ರಿಯಾಪದ ಈ ಮೂರನ್ನು ಬೇಗ ಹೇಳಿಬಿಡುತ್ತೇನೆ. ವಲಯದ ಸುತ್ತ ಅಂಟಿಸಿದ ಟೇಪ್ ವಲಯದ ಒಳಗೆ ಸೇರುತ್ತದೆಯೋ ಇಲ್ಲವೋ ಎಂದು ವ್ಯಾಖ್ಯೆಯಲ್ಲಿ ಹುಡುಕಿ, ಜೊತೆಗೆ ಗೆರೆಯ ಮೇಲಿನ ಗಾಳಿಯ ಜಾಗವೂ ವಲಯವೇ ಎಂದು ನೋಡಿ. ಎರಡು ಅಳತೆ ಕೊಟ್ಟಿದ್ದರೆ ಯಾವುದು ಅಧಿಕೃತ ಎಂದು ನೋಡಿ. ಮಿತಿ 18 ಇಂಚು ಎಂದಿದ್ದರೆ ಅದು 45.72 ಸೆಂಟಿಮೀಟರ್, ಅದನ್ನು 46 ಎಂದುಕೊಂಡು ಕಟ್ಟಿದ ರೋಬೋಟ್ ಅಳತೆ ಪೆಟ್ಟಿಗೆಯೊಳಗೆ ಹೋಗುವುದಿಲ್ಲ. ಇನ್ನು ಮಸ್ಟ್ ಅಂದರೆ ಕಡ್ಡಾಯ, ಮೇ ಅಂದರೆ ಅನುಮತಿ, ಶುಡ್ ಅಂದರೆ ಸಾಮಾನ್ಯವಾಗಿ ಸಲಹೆ. ಓದುವಾಗ ಈ ಮೂರಕ್ಕೂ ಮೂರು ಬಣ್ಣದ ಗುರುತು ಹಾಕಿ.

ಮೂರನೇ ಹೆಜ್ಜೆ: ಎರಡೂ ಓದನ್ನು ಬರೆದಿಡಿ, ಆಮೇಲೆ ತೂಗಿ

ವ್ಯಾಖ್ಯೆ ನೋಡಿದ ಮೇಲೂ ಗೊಂದಲ ಉಳಿಯಿತು. ಈಗ ಅದು ನಿಜವಾದ ಅಸ್ಪಷ್ಟತೆ. ಬಾಯಿಮಾತಿನ ಚರ್ಚೆ ನಿಲ್ಲಿಸಿ. ಒಂದು ಹಾಳೆ ತೆಗೆದುಕೊಂಡು ಎರಡೂ ಓದನ್ನು ಒಂದೊಂದು ವಾಕ್ಯದಲ್ಲಿ ಬರೆಯಿರಿ. ಪ್ರತಿ ಓದಿನ ಕೆಳಗೆ ಅದನ್ನು ಬೆಂಬಲಿಸುವ ನಿಯಮದ ಸಂಖ್ಯೆ ಬರೆಯಿರಿ. ಒಂದು ಓದಿಗೆ ಯಾವ ಸಂಖ್ಯೆಯೂ ಸಿಗದಿದ್ದರೆ ಅದು ಓದು ಅಲ್ಲ, ಆಸೆ.

ಇಲ್ಲಿ ಒಂದು ಅಭ್ಯಾಸ ತುಂಬಾ ಕೆಲಸಕ್ಕೆ ಬರುತ್ತದೆ. ಯಾವ ವಿದ್ಯಾರ್ಥಿಗೆ ಆ ಯಂತ್ರಭಾಗದ ಮೇಲೆ ಜಾಸ್ತಿ ಪ್ರೀತಿಯೋ, ಅವರಿಗೇ ಎದುರು ಪಕ್ಷ ವಹಿಸಿ ವಾದ ಮಾಡಲು ಹೇಳಿ. "ಎದುರಾಳಿ ತಂಡ ಇದನ್ನೇ ಮಾಡಿದ್ದರೆ ನಾವು ರೆಫರಿ ಹತ್ತಿರ ಹೋಗುತ್ತಿದ್ದೆವಾ?" ಎಂದು ಕೇಳಿ. ಹೌದು ಎಂಬ ಉತ್ತರ ಥಟ್ಟನೆ ಬಂದರೆ ನಿಮ್ಮ ಓದು ಗಟ್ಟಿಯಾಗಿಲ್ಲ. ಮಕ್ಕಳು ಇದನ್ನು ದೊಡ್ಡವರಿಗಿಂತ ಪ್ರಾಮಾಣಿಕವಾಗಿ ಮಾಡುತ್ತಾರೆ ಎಂಬುದು ನನ್ನ ಅನುಭವ.

ತೂಗುವಾಗ ಕೆಲವು ಸೂತ್ರಗಳನ್ನು ನೆನಪಿಡಿ. ಸಾಮಾನ್ಯ ನಿಯಮಕ್ಕಿಂತ ನಿರ್ದಿಷ್ಟ ನಿಯಮಕ್ಕೆ ಬೆಲೆ ಜಾಸ್ತಿ. "ರೋಬೋಟ್ ಹಿಗ್ಗಬಹುದು" ಎಂದು ಒಂದು ಕಡೆ, "ಈ ವಲಯದಲ್ಲಿ ಹಿಗ್ಗಬಾರದು" ಎಂದು ಇನ್ನೊಂದು ಕಡೆ ಇದ್ದರೆ ಆ ವಲಯದಲ್ಲಿ ಎರಡನೆಯದೇ ನಡೆಯುತ್ತದೆ. ಇನ್ನೊಂದು ನಿಯಮವನ್ನು ಪೂರ್ತಿ ನಿಷ್ಪ್ರಯೋಜಕ ಮಾಡುವ ಓದು ಬಹುತೇಕ ತಪ್ಪು. ಯಾರೂ ಕೆಲಸವಿಲ್ಲದ ನಿಯಮ ಬರೆಯುವುದಿಲ್ಲ. ಹಾಗೆಯೇ ನಿಯಮ ಮೌನವಾಗಿದ್ದರೆ ಆ ಮೌನ ಯಾವ ಅಧ್ಯಾಯದ್ದು ಎಂದು ನೋಡಿ. ಆಟ ಆಡುವ ರೀತಿಯ ಬಗ್ಗೆ ಮೌನ ಇದ್ದರೆ ಸಾಮಾನ್ಯವಾಗಿ ಅನುಮತಿ ಇದೆ ಎಂದು ಅರ್ಥ. ಆದರೆ "ಈ ಪಟ್ಟಿಯಲ್ಲಿರುವ ಮೋಟಾರ್‌ಗಳನ್ನು ಮಾತ್ರ ಬಳಸಿ" ಎಂದು ಬರೆದ ಕಡೆ ಪಟ್ಟಿಯಲ್ಲಿ ಇಲ್ಲದ ಮೋಟಾರ್ ಬಗ್ಗೆ ಮೌನ ಅಂದರೆ ನಿಷೇಧ. ಈ ಎರಡು ಮೌನಗಳನ್ನು ಕಲೆಸಿಕೊಂಡ ತಂಡಗಳಿಗೆ, ರೋಬೋಟ್ ನಿಯಮದಂತೆ ಇದೆಯೇ ಎಂದು ನೋಡುವ ತಪಾಸಣೆಯ ದಿನ ತುಂಬಾ ನೋವಾಗುತ್ತದೆ.

ಕಳೆದ ವರ್ಷದ ನೆನಪಿನಿಂದ ಈ ವರ್ಷದ ನಿಯಮ ಓದಬೇಡಿ. ಇದಕ್ಕೆ ಒಳ್ಳೆಯ ಉದಾಹರಣೆ ರೋಬೋಟ್ ತೂಕ. ಎಫ್‌ಆರ್‌ಸಿಯಲ್ಲಿ 2018ರಲ್ಲಿ ಮಿತಿ 120 ಪೌಂಡ್ ಇತ್ತು. 2019ರಲ್ಲಿ 125 ಆಯಿತು. ಅದು 2024ರವರೆಗೂ ಉಳಿಯಿತು. ವರ್ಷಗಟ್ಟಲೆ 125 ಎಂದು ಬಾಯಿಪಾಠ ಆದ ಮೇಲೆ 2025ರಲ್ಲಿ ಒಮ್ಮೆಗೇ 115ಕ್ಕೆ ಇಳಿಯಿತು. ಎಫ್‌ಆರ್‌ಸಿ ಮ್ಯಾನ್ಯುಯಲ್ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗದ ನಿಯಮಗಳಿಗೆ ನಕ್ಷತ್ರದ ಗುರುತು ಹಾಕುತ್ತದೆ. ಅವುಗಳನ್ನೂ ಒಮ್ಮೆ ಓದಿ. ಗುರುತು ಇಲ್ಲದವುಗಳನ್ನು ಮೊದಲ ಸಲ ನೋಡುತ್ತಿದ್ದೇವೆ ಎಂಬ ಹಾಗೆ ಓದಿ.

ಉದ್ದೇಶ ಅಥವಾ ಅಕ್ಷರ, ಯಾವುದು ಮುಖ್ಯ?

ಈ ಪ್ರಶ್ನೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಸ್ಪರ್ಧೆಗಳು ಇಲ್ಲಿ ಬೇರೆ ಬೇರೆ ದಾರಿ ಹಿಡಿದಿವೆ. ಎಫ್‌ಆರ್‌ಸಿ ಮ್ಯಾನ್ಯುಯಲ್ ತನ್ನ ಪಠ್ಯ ಏನು ಹೇಳುತ್ತದೋ ಅದನ್ನೇ, ಅಷ್ಟನ್ನೇ ಹೇಳುತ್ತದೆ ಎನ್ನುತ್ತದೆ. ನಮ್ಮ ಉದ್ದೇಶ ಏನಿರಬಹುದು ಎಂದು ಊಹಿಸಬೇಡಿ, ಹಳೆಯ ನಿಯಮ ನೋಡಬೇಡಿ, ನಿಜ ಜೀವನದಲ್ಲಿ ಹೇಗೆ ಎಂದೂ ಯೋಚಿಸಬೇಡಿ, ಮುಚ್ಚಿಟ್ಟ ಷರತ್ತು ಯಾವುದೂ ಇಲ್ಲ ಎಂಬುದು ಅದರ ನಿಲುವು. ವೆಕ್ಸ್ ಎಂಬ ಇನ್ನೊಂದು ವಿದ್ಯಾರ್ಥಿ ರೋಬೋಟ್ ಸ್ಪರ್ಧೆಯ ಮ್ಯಾನ್ಯುಯಲ್ ಕಾಮನ್ ಸೆನ್ಸ್ ಬಳಸಿ ಎಂಬುದನ್ನೇ ಒಂದು ನಿಯಮವಾಗಿ ಬರೆದಿದೆ. ಹಾಗಾಗಿ ಒಂದೇ ವಾದ ಒಂದು ಕಡೆ ನಡೆಯುತ್ತದೆ, ಇನ್ನೊಂದು ಕಡೆ ನಡೆಯುವುದಿಲ್ಲ. "ನಿಯಮದಲ್ಲಿ ಹೀಗೆ ಬರೆದಿಲ್ಲ" ಎನ್ನುವ ಮೊದಲು ನೀವು ಯಾವ ಸ್ಪರ್ಧೆಯಲ್ಲಿದ್ದೀರಿ ಎಂದು ನೆನಪಿಸಿಕೊಳ್ಳಿ.

ಹಾಗಾದರೆ ನಿಯಮದ ಸಂದಿಯಲ್ಲಿ ಆಡುವುದು ತಪ್ಪೇ? ಎಲ್ಲ ಸಲವೂ ಅಲ್ಲ. 2010ರ ಎಫ್‌ಆರ್‌ಸಿ ಆಟ ಬ್ರೇಕ್‌ಅವೇಯಲ್ಲಿ 469ನೇ ತಂಡ ಮೈದಾನದ ನಡುವಿನ ಸುರಂಗದಲ್ಲಿ ರೋಬೋಟ್ ನಿಲ್ಲಿಸಿತು. ಗೋಲ್ ಆದ ಚೆಂಡುಗಳು ಮೈದಾನಕ್ಕೆ ವಾಪಸ್ ಬರುವ ಜಾಗ ಸರಿಯಾಗಿ ಅದರ ಮೇಲೆ ಇತ್ತು. ಬೀಳುವ ಚೆಂಡನ್ನು ರೋಬೋಟ್ ನೇರವಾಗಿ ಗೋಲ್ ಕಡೆಗೆ ತಿರುಗಿಸುತ್ತಿತ್ತು. ಅದೇ ಚೆಂಡು ಮತ್ತೆ ವಾಪಸ್ ಬರುತ್ತಿತ್ತು, ಮತ್ತೆ ಗೋಲ್ ಆಗುತ್ತಿತ್ತು. ಆ ವರ್ಷ ಅವರ ಮೈತ್ರಿಕೂಟ (ಒಂದೇ ಬದಿಯಲ್ಲಿ ಜೊತೆಗೆ ಆಡುವ ತಂಡಗಳು) ಚಾಂಪಿಯನ್‌ಷಿಪ್‌ನ ಫೈನಲ್‌ವರೆಗೆ ಹೋಗಿ ಸೋತಿತು. ನನ್ನ ಮಟ್ಟಿಗೆ ಅದು ಅಪ್ಪಟ ಒಳ್ಳೆಯ ಎಂಜಿನಿಯರಿಂಗ್. ಎಲ್ಲರ ಎದುರು, ಪಠ್ಯದ ಒಳಗೆ, ಆಟವನ್ನು ಬೇರೆಯವರಿಗಿಂತ ಚೆನ್ನಾಗಿ ಓದಿದ್ದಕ್ಕೆ ಸಿಕ್ಕ ಫಲ ಅದು.

ಇನ್ನೊಂದು ಬಗೆ ಇದೆ. ರೆಫರಿ ಗಮನಿಸದಿದ್ದರೆ ಮಾತ್ರ ನಡೆಯುವ ತಂತ್ರ. ಒಂದು ಪದದ ತೀರಾ ವಿಚಿತ್ರ ಅರ್ಥದ ಮೇಲೆ ನಿಂತ ತಂತ್ರ. ಇದನ್ನು ಬಿಟ್ಟುಬಿಡಿ ಎಂದು ನೇರವಾಗಿ ಹೇಳುತ್ತೇನೆ. ಎರಡನ್ನೂ ಬೇರೆ ಮಾಡಲು ಒಂದು ಪರೀಕ್ಷೆ ಸಾಕು. ನಿಮ್ಮ ಉಪಾಯವನ್ನು ಮುಖ್ಯ ರೆಫರಿಗೆ ಪಂದ್ಯದ ಮೊದಲೇ ಪೂರ್ತಿಯಾಗಿ ವಿವರಿಸಲು ನಿಮಗೆ ಹಿಂಜರಿಕೆ ಇದೆಯಾ? ಇದ್ದರೆ ಉತ್ತರ ನಿಮಗೇ ಗೊತ್ತಿದೆ.

ನಾಲ್ಕನೇ ಹೆಜ್ಜೆ: ತಪ್ಪಾದರೆ ಎಷ್ಟು ನಷ್ಟ?

ಈಗ ಮೊದಲ ಪ್ರಶ್ನೆಗೆ ವಾಪಸ್ ಬನ್ನಿ. ನಿಮ್ಮ ಹಾಳೆಯಲ್ಲಿ ಪ್ರತಿ ಗೊಂದಲದ ಎದುರು ಬರೆಯಿರಿ: ಓದು ತಪ್ಪಾದರೆ ಏನು ಬದಲಿಸಬೇಕು, ಎಷ್ಟು ದಿನ ಬೇಕು, ಸ್ಪರ್ಧೆಯ ಸ್ಥಳದಲ್ಲೇ ಬದಲಿಸಲು ಆಗುತ್ತದಾ.

ರೋಬೋಟ್ ಓಡಿಸುವ ವಿದ್ಯಾರ್ಥಿಯ, ಅಂದರೆ ಡ್ರೈವರ್‌ನ, ಅಭ್ಯಾಸದಲ್ಲೋ ಕೋಡ್‌ನಲ್ಲೋ ಸರಿಹೋಗುವ ಗೊಂದಲಗಳಿಗೆ ಎಚ್ಚರಿಕೆಯ ಓದನ್ನು ಆರಿಸಿಕೊಂಡು ಮುಂದೆ ನಡೆಯಿರಿ. ಉದಾಹರಣೆಗೆ ಎದುರಾಳಿಯನ್ನು ಗೋಡೆಗೆ ಒತ್ತಿಹಿಡಿಯಲು ಎಷ್ಟು ಸೆಕೆಂಡು ಬಿಡುತ್ತಾರೆ ಎಂಬ ಲೆಕ್ಕದಲ್ಲಿ ಅನುಮಾನ ಇದ್ದರೆ ಒಂದು ಸೆಕೆಂಡು ಮೊದಲೇ ಬಿಡಲು ಡ್ರೈವರ್‌ಗೆ ಹೇಳಿ, ಮುಗಿಯಿತು. ಬಿಚ್ಚಿ ಜೋಡಿಸಬಹುದಾದ ಭಾಗವಾದರೆ ಎರಡೂ ಓದಿಗೆ ಹೊಂದುವ ವಿನ್ಯಾಸ ಮಾಡಿ. ತೋಳಿನ ತುದಿಯ 5 ಸೆಂಟಿಮೀಟರ್ ತುಂಡನ್ನು ನಾಲ್ಕು ಬೋಲ್ಟ್‌ಗಳಿಂದ ಸೇರಿಸಿದ್ದರೆ ತಪಾಸಕರು ಬೇಡ ಎಂದ ದಿನ ಅಲ್ಲೇ ತೆಗೆಯಬಹುದು. ಬೆಸುಗೆ ಹಾಕಿದ್ದರೆ ಆಗುವುದಿಲ್ಲ.

ಚೌಕಟ್ಟಿನ ಅಳತೆ, ರೋಬೋಟನ್ನು ಚಲಿಸುವ ಡ್ರೈವ್ ವ್ಯವಸ್ಥೆ, ಇಡೀ ಆಟದ ತಂತ್ರ ಒಂದು ಅನುಮಾನದ ಮೇಲೆ ನಿಂತಿದ್ದರೆ ಮಾತ್ರ ಕೆಲಸ ನಿಲ್ಲಿಸಿ. ಅಂಥದ್ದಕ್ಕೆ ಎಚ್ಚರಿಕೆಯ ಓದೂ ಸಾಲದು. ಅಧಿಕೃತ ಉತ್ತರವೇ ಬೇಕು.

ಐದನೇ ಹೆಜ್ಜೆ: ಪ್ರಶ್ನೆ ಕೇಳುವುದು ಒಂದು ಕೌಶಲ

ಅಧಿಕೃತ ಪ್ರಶ್ನೋತ್ತರಕ್ಕೆ ಪ್ರಶ್ನೆ ಕಳಿಸುವ ತಂಡಗಳಲ್ಲಿ ಬಹಳಷ್ಟಕ್ಕೆ "ಮ್ಯಾನ್ಯುಯಲ್ ನೋಡಿ" ಎಂಬ ಉತ್ತರ ಬರುತ್ತದೆ. ಆಮೇಲೆ ಅವರು ಸಿಟ್ಟಾಗುತ್ತಾರೆ. ತಪ್ಪು ಹೆಚ್ಚಾಗಿ ಪ್ರಶ್ನೆಯಲ್ಲೇ ಇರುತ್ತದೆ. ಈ ಪ್ರಶ್ನೆ ನೋಡಿ:

"ನಮ್ಮ ರೋಬೋಟ್‌ನ ಎರಡೂ ಕಡೆ ರೆಕ್ಕೆಗಳಿವೆ. ಚೆಂಡುಗಳನ್ನು ಒಟ್ಟುಗೂಡಿಸಲು ಬಳಸುತ್ತೇವೆ. ಇದು ನಿಯಮಬದ್ಧವೇ?"

ಇದಕ್ಕೆ ಯಾರೂ ಉತ್ತರ ಕೊಡಲಾರರು. ಯಾವ ನಿಯಮ ಎಂದು ಹೇಳಿಲ್ಲ. ರೆಕ್ಕೆ ಹೇಗಿದೆ ಎಂದು ಗೊತ್ತಿಲ್ಲ. ಜೊತೆಗೆ ಇದು ಇಡೀ ರೋಬೋಟ್‌ಗೆ ಅನುಮೋದನೆ ಕೇಳಿದ ಹಾಗಿದೆ. ಎಫ್‌ಆರ್‌ಸಿಯಲ್ಲಂತೂ ವಿನ್ಯಾಸಕ್ಕೆ ಒಪ್ಪಿಗೆ ಕೊಡುವುದು, ಹಿಂದಿನ ಸ್ಪರ್ಧೆಯ ತೀರ್ಪನ್ನು ಪ್ರಶ್ನಿಸುವುದು, ಅಸ್ಪಷ್ಟ ಸನ್ನಿವೇಶಕ್ಕೆ ತೀರ್ಪು ಕೊಡುವುದು ಪ್ರಶ್ನೋತ್ತರದ ಕೆಲಸ ಅಲ್ಲ ಎಂದು ಮೊದಲೇ ಹೇಳಿದ್ದಾರೆ. ಈಗ ಅದೇ ಅನುಮಾನವನ್ನು ಹೀಗೆ ಕೇಳಿ. ನಿಯಮದ ಸಂಖ್ಯೆ ಜಿ12 ಎಂದು ಇಟ್ಟುಕೊಳ್ಳೋಣ:

"ಒಂದು ರೋಬೋಟ್ ಒಳಗೆ ಒಂದು ಚೆಂಡು ಇದೆ. ಎರಡನೇ ಚೆಂಡು ನೆಲದ ಮೇಲಿದೆ, ರೋಬೋಟ್‌ನ ಮುಂದಿನ ಚಪ್ಪಟೆ ಬಂಪರ್‌ಗೆ ತಾಗಿಕೊಂಡಿದೆ. ರೋಬೋಟ್ ನೇರವಾಗಿ ಚಲಿಸಿ ಆ ಚೆಂಡನ್ನು ಗೋಲ್ ವಲಯದೊಳಗೆ ತಳ್ಳುತ್ತದೆ. ಜಿ12ರಲ್ಲಿರುವ ನಿಯಂತ್ರಣದ ವ್ಯಾಖ್ಯೆಯಲ್ಲಿ ಈ ಎರಡನೇ ಚೆಂಡು ಸೇರುತ್ತದೆಯೇ?"

ಒಂದು ನಿಯಮ, ಒಂದು ಸನ್ನಿವೇಶ, ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಒಂದು ಪ್ರಶ್ನೆ. ನಿಮ್ಮ ರೋಬೋಟ್ ಎಂಬ ಮಾತೇ ಇಲ್ಲ, "ಒಂದು ರೋಬೋಟ್" ಅಷ್ಟೇ. ನಿಮ್ಮ ವಿನ್ಯಾಸದ ಗುಟ್ಟೂ ಹೊರಬಿದ್ದಿಲ್ಲ. ಕಳಿಸುವ ಮೊದಲು ತಂಡದಲ್ಲಿ ಆ ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ಅವರು ಚಿತ್ರ ಬರೆದು ತೋರಿಸಲಿ. ಚಿತ್ರ ನಿಮ್ಮ ಮನಸ್ಸಿನಲ್ಲಿ ಇದ್ದದ್ದಕ್ಕೆ ಹೊಂದದಿದ್ದರೆ ಪ್ರಶ್ನೆಯನ್ನು ತಿದ್ದಿ. ಮತ್ತೆ ಹಳೆಯ ಪ್ರಶ್ನೆಗಳನ್ನು ಹುಡುಕುವುದನ್ನು ಮರೆಯಬೇಡಿ. ನಿಮ್ಮ ಅನುಮಾನ ಬೇರೆ ತಂಡಕ್ಕೂ ಬಂದಿರುವ ಸಾಧ್ಯತೆ ಜಾಸ್ತಿ.

ಇಲ್ಲಿ ತಂಡಗಳು ಒಂದು ಸಂಕಟಕ್ಕೆ ಸಿಗುತ್ತವೆ. ಪ್ರಶ್ನೆ ಎಲ್ಲರಿಗೂ ಕಾಣುತ್ತದೆ. ಕೇಳಿದರೆ ಎದುರಾಳಿಗೂ ಐಡಿಯಾ ಸಿಗುತ್ತದೆ, ಕೇಳದಿದ್ದರೆ ಅಪಾಯ ಉಳಿಯುತ್ತದೆ. ನಾಲ್ಕನೇ ಹೆಜ್ಜೆಯ ಲೆಕ್ಕ ಇಲ್ಲಿ ಸಹಾಯಕ್ಕೆ ಬರುತ್ತದೆ. ದೊಡ್ಡ ನಷ್ಟದ ಸಾಲಿನಲ್ಲಿರುವ ಅನುಮಾನವನ್ನು ಖಂಡಿತ ಕೇಳಿ. ಐಡಿಯಾ ಸಿಕ್ಕ ಮಾತ್ರಕ್ಕೆ ಎದುರಾಳಿ ಅದನ್ನು ಕಟ್ಟಿ, ಪರೀಕ್ಷಿಸಿ, ಅಭ್ಯಾಸ ಮಾಡಿ ಮುಗಿಸುವುದಿಲ್ಲ. ನಿಮ್ಮ ರೋಬೋಟ್ ತಪಾಸಣೆಯಲ್ಲೇ ನಿಂತುಬಿಟ್ಟರೆ ಮಾತ್ರ ಎಲ್ಲವೂ ಮುಗಿಯುತ್ತದೆ. ಮಕ್ಕಳು ಇಡೀ ಸೀಸನ್ ದುಡಿದ ರೋಬೋಟ್ ಪಿಟ್‌ನಿಂದ (ಸ್ಪರ್ಧೆಯ ಸ್ಥಳದಲ್ಲಿ ತಂಡ ರೋಬೋಟ್ ಸರಿಮಾಡುವ ಜಾಗದಿಂದ) ಹೊರಗೇ ಬರದೆ ಉಳಿಯುವುದನ್ನು ನೋಡುವುದು ಕಷ್ಟ.

ಬೇಗ ಕೇಳಿ. ಪ್ರಶ್ನೋತ್ತರ ತೆರೆಯುವ ಮತ್ತು ಮುಚ್ಚುವ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತಿಸಿ. ಉತ್ತರಕ್ಕೆ ಹಲವು ದಿನ ಹಿಡಿಯಬಹುದು ಎಂದುಕೊಂಡೇ ಕೆಲಸದ ಯೋಜನೆ ಮಾಡಿ.

ಆರನೇ ಹೆಜ್ಜೆ: ಉತ್ತರವನ್ನು ಹಿಗ್ಗಿಸಬೇಡಿ

ಉತ್ತರ ಬಂತು. ಅದು ನೀವು ಕೇಳಿದ ಸನ್ನಿವೇಶಕ್ಕೆ ಮಾತ್ರ. ಚಪ್ಪಟೆ ಬಂಪರ್ ಬಗ್ಗೆ ಬಂದ ಉತ್ತರವನ್ನು ಒಳಬಾಗಿದ ಬಂಪರ್‌ಗೆ ಅನ್ವಯಿಸಬೇಡಿ. ಚೆಂಡನ್ನು ಹಿಡಿದಿಡುವ ಆಕಾರ ಬಂದ ಕೂಡಲೇ ಪ್ರಶ್ನೆಯೇ ಬೇರೆ ಆಗುತ್ತದೆ.

ಅಪ್‌ಡೇಟ್‌ಗಳನ್ನು ನೋಡುವ ಕೆಲಸವನ್ನು ಒಬ್ಬ ವಿದ್ಯಾರ್ಥಿಗೆ ವಹಿಸಿ. ಎಲ್ಲರೂ ನೋಡುತ್ತಾರೆ ಎಂದರೆ ಯಾರೂ ನೋಡುವುದಿಲ್ಲ. ಎಫ್‌ಆರ್‌ಸಿಯಲ್ಲಿ ಆಟ ಬಿಡುಗಡೆಯಾದ ಮೇಲಿನ ವಾರಗಳಲ್ಲಿ ಮಂಗಳವಾರ ಮತ್ತು ಶುಕ್ರವಾರ ಅಪ್‌ಡೇಟ್ ಬರುವ ರೂಢಿ ಇದೆ. ಆ ವಿದ್ಯಾರ್ಥಿ ಪ್ರತಿ ಬದಲಾವಣೆಯನ್ನೂ ತಂಡದ ಮುದ್ರಿತ ಮ್ಯಾನ್ಯುಯಲ್‌ನಲ್ಲಿ ಪೆನ್ನಿನಿಂದ ತಿದ್ದಿ, ಮುಂದಿನ ಸಭೆಯಲ್ಲಿ ಜೋರಾಗಿ ಓದಿ ಹೇಳಲಿ. ಮೊದಲ ಆವೃತ್ತಿಯ ಪಿಡಿಎಫ್ ಯಾರ ಫೋನಿನಲ್ಲೂ ಉಳಿಯಬಾರದು.

ಏಳನೇ ಹೆಜ್ಜೆ: ಸ್ಪರ್ಧೆಯ ದಿನ

ತಪಾಸಣೆಗೆ ಹೋಗುವಾಗ ಒಂದು ತೆಳ್ಳಗಿನ ಫೈಲ್ ಒಯ್ಯಿರಿ. ಅನುಮಾನ ಬರಬಹುದಾದ ಪ್ರತಿ ಭಾಗಕ್ಕೂ ಒಂದು ಹಾಳೆ. ಅದರಲ್ಲಿ ನಿಯಮದ ಪಠ್ಯ, ಸಂಬಂಧಪಟ್ಟ ಪ್ರಶ್ನೋತ್ತರದ ಸಂಖ್ಯೆ, ಭಾಗದ ಅಳತೆ ಇರಲಿ. ತಪಾಸಕರು ಬೇರೆ ಥರ ಓದಿದರೆ ವಾದದ ಧ್ವನಿ ಬೇಡ. "ನಾವು ಈ ನಿಯಮವನ್ನು ಹೀಗೆ ಓದಿಕೊಂಡೆವು, ಈ ಉತ್ತರ ಆಧಾರ. ನಾವು ಬಿಟ್ಟ ನಿಯಮ ಯಾವುದಾದರೂ ಇದೆಯಾ?" ಎಂದು ವಿದ್ಯಾರ್ಥಿಯೇ ಕೇಳಲಿ. ಮೆಂಟರ್ ಹಿಂದೆ ನಿಲ್ಲಲಿ.

ಮೈದಾನದಲ್ಲಿ ಆಗುವ ಅಸ್ಪಷ್ಟತೆ ಬೇರೆ ಬಗೆಯದು. "ಉದ್ದೇಶಪೂರ್ವಕ", "ಅತಿರೇಕದ" ಎಂಬ ಪದಗಳನ್ನು ಯಾವ ಪದಪಟ್ಟಿಯೂ ಪೂರ್ತಿ ಕಟ್ಟಿಹಾಕಲಾರದು. ಅವು ರೆಫರಿಯ ತೀರ್ಮಾನಕ್ಕೆ ಬಿಟ್ಟ ಪದಗಳು. ರೆಫರಿ ಮೈದಾನದ ಅಂಚಿನಲ್ಲಿ ನಿಂತು, ಹಲವು ರೋಬೋಟ್‌ಗಳನ್ನು ಒಟ್ಟಿಗೆ ನೋಡುತ್ತಾ, ಒಂದೆರಡು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಹಾಗಾಗಿ ನಿಯಮ ಪಾಲಿಸಿದರೆ ಸಾಲದು, ಪಾಲಿಸಿದ್ದು ದೂರಕ್ಕೆ ಕಾಣಬೇಕು. ಎರಡನೇ ಚೆಂಡು ಅಕಸ್ಮಾತ್ ತಾಗಿತಾ? ಡ್ರೈವರ್ ಕೂಡಲೇ ಹಿಂದೆ ಸರಿಯಲಿ ಅಥವಾ ದಿಕ್ಕು ಬದಲಿಸಲಿ. ಆ ಒಂದು ಚಲನೆ "ಬೇಕೆಂದು ತಳ್ಳುತ್ತಿಲ್ಲ" ಎಂದು ರೆಫರಿಗೆ ಹೇಳುತ್ತದೆ. ಹಿಗ್ಗುವ ತೋಳಿನ ಗರಿಷ್ಠ ಅಳತೆಗೆ ಬಣ್ಣದ ಪಟ್ಟಿ ಅಂಟಿಸಿ. ಪಂದ್ಯದ ಕೊನೆಯಲ್ಲಿ ಅಂಕ ಎಣಿಸುವ ವಸ್ತು ಗೆರೆಯ ಮೇಲೆ ಅರ್ಧಂಬರ್ಧ ನಿಲ್ಲುವ ಹಾಗಿದ್ದರೆ ಇನ್ನೂ ಸ್ವಲ್ಪ ಒಳಗೆ ತಳ್ಳುವ ಹಾಗೆ ಪ್ರೋಗ್ರಾಂ ಬರೆಯಿರಿ. ಯಾವ ಕಡೆಗೂ ಗಟ್ಟಿ ಆಧಾರ ಇಲ್ಲದ ಕಷ್ಟದ ತೀರ್ಪಿನಲ್ಲಿ ಅನುಮಾನದ ಲಾಭ ತಂಡಕ್ಕೆ ಎಂದು ಫಸ್ಟ್ ಲೆಗೋ ಲೀಗ್‌ನ ನಿಯಮಗಳು ಹಲವು ಸೀಸನ್‌ಗಳಲ್ಲಿ ಹೇಳಿವೆ. ಎಲ್ಲ ಸ್ಪರ್ಧೆಗಳೂ ಅಷ್ಟು ಉದಾರ ಅಲ್ಲ.

ತೀರ್ಪು ನಿಮ್ಮ ವಿರುದ್ಧ ಬಂದರೆ ಕೇಳುವ ಕ್ರಮ ಮೊದಲೇ ಗೊತ್ತಿರಲಿ. ಎಫ್‌ಆರ್‌ಸಿಯಲ್ಲಿ ಮೈದಾನದ ಪಕ್ಕ ಪ್ರಶ್ನೆ ಕೇಳಲೆಂದೇ ಗುರುತಿಸಿದ ಜಾಗ ಇದೆ. ಅಲ್ಲಿ ತಂಡದ ಒಬ್ಬ ವಿದ್ಯಾರ್ಥಿ ಹೋಗಿ ನಿಲ್ಲಬೇಕು. ವೆಕ್ಸ್‌ನಲ್ಲೂ ಮಾತಾಡುವ ಅವಕಾಶ ಡ್ರೈವ್ ತಂಡದ ವಿದ್ಯಾರ್ಥಿಗಳಿಗೆ ಮಾತ್ರ, ದೊಡ್ಡವರಿಗೆ ಇಲ್ಲ. ಎರಡೂ ಕಡೆ ಮುಖ್ಯ ರೆಫರಿ ಸಾಮಾನ್ಯವಾಗಿ ತಂಡಗಳು ತೋರಿಸುವ ವಿಡಿಯೊ ನೋಡುವುದಿಲ್ಲ. ಹಾಗಾಗಿ ಫೋನ್ ಹಿಡಿದುಕೊಂಡು ಓಡಬೇಡಿ. ಹೋಗುವ ವಿದ್ಯಾರ್ಥಿ ಮೂರು ವಿಷಯ ಹೇಳಲಿ: ಯಾವ ನಿಯಮ, ಪಂದ್ಯದ ಯಾವ ಹೊತ್ತಲ್ಲಿ, ಏನು ಕಂಡಿತು. "ಯಾವ ನಿಯಮದ ಪ್ರಕಾರ ಈ ದಂಡ ಬಂತು? ಮುಂದಿನ ಪಂದ್ಯದಲ್ಲಿ ನಾವು ಏನು ಬದಲಿಸಬೇಕು?" ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಒಳ್ಳೆಯ ಉತ್ತರ ಸಿಗುತ್ತದೆ. "ಇದು ಅನ್ಯಾಯ" ಎಂಬ ಮಾತಿಗೆ ಉತ್ತರವೇ ಇಲ್ಲ. ಈ ಸಂಭಾಷಣೆಯನ್ನು ಮನೆಪಾಠದ ಹಾಗೆ ಮೊದಲೇ ಅಭ್ಯಾಸ ಮಾಡಿಸಿ. ಹದಿನಾಲ್ಕು ವರ್ಷದ ಹುಡುಗಿ ಗದ್ದಲದ ನಡುವೆ, ಸೋತ ದುಃಖದಲ್ಲಿ, ಶಾಂತವಾಗಿ ನಿಯಮದ ಸಂಖ್ಯೆ ಹೇಳಿ ಮಾತಾಡುವುದು ತಾನಾಗಿ ಬರುವ ಗುಣ ಅಲ್ಲ.

ರೆಫರಿ ಹೇಳಿದ ಉತ್ತರವನ್ನು ಪಿಟ್‌ಗೆ ವಾಪಸ್ ಬಂದ ಕೂಡಲೇ ಬರೆದಿಡಿ. ಆ ದಿನದ ಉಳಿದ ಪಂದ್ಯಗಳಿಗೆ ಅದೇ ನಿಮ್ಮ ನಿಯಮ, ಒಪ್ಪಿಗೆ ಇದ್ದರೂ ಇಲ್ಲದಿದ್ದರೂ. ಬೇರೆ ಸ್ಪರ್ಧೆಯಲ್ಲಿ ಬೇರೆ ರೆಫರಿ ಬೇರೆ ಥರ ಹೇಳಬಹುದು ಅನಿಸಿದರೆ, ನಡುವಿನ ವಾರದಲ್ಲಿ ಅದೇ ಸನ್ನಿವೇಶವನ್ನು ಹೊಸ ಪ್ರಶ್ನೆಯಾಗಿ ಪ್ರಶ್ನೋತ್ತರಕ್ಕೆ ಕಳಿಸಿ. ತೀರ್ಪನ್ನು ಪ್ರಶ್ನಿಸುವ ಹಾಗೆ ಬರೆಯಬೇಡಿ, ಸನ್ನಿವೇಶವನ್ನಷ್ಟೇ ವಿವರಿಸಿ. ಸೀಸನ್ ಮುಗಿದ ಮೇಲೆ ಗೊಂದಲಗಳ ಆ ಹಾಳೆಯನ್ನು ಎಸೆಯಬೇಡಿ. ಮುಂದಿನ ಮ್ಯಾನ್ಯುಯಲ್ ಬಂದ ದಿನ ಹೊಸ ವ್ಯಾಖ್ಯೆಗಳಲ್ಲಿ ಮೊದಲು ಹುಡುಕಬೇಕಾದ ಪದಗಳ ಪಟ್ಟಿ ಅದರಲ್ಲೇ ಸಿಗುತ್ತದೆ.